ಒಮ್ಮತವೂ ಸತ್ಯವೂ

ಹತ್ತು ಜನರು ಒಂದೇ ಮಾತನ್ನು ಹೇಳಿದ ಮಾತ್ರಕ್ಕೆ ಅದು ಸತ್ಯವಾದೀತೆ? ಆಗದೆಂದರೆ, ಒಬ್ಬನ ಸಾಕ್ಷ್ಯಕ್ಕಿಂತ ಹತ್ತು ಜನರ ಸಾಕ್ಷ್ಯಕ್ಕೆ ನಾವು ಹೆಚ್ಚಿನ ಬೆಲೆ ಕೊಡುವುದೇಕೆ? ದಿನನಿತ್ಯದ ವ್ಯವಹಾರದಲ್ಲಿ ಎದುರಾಗುವ ಈ ಪ್ರಶ್ನೆಯನ್ನು ಸಮಾಧಾನಚಿತ್ತದಿಂದ ಪರ್ಯಾಲೋಚಿಸುವುದು ಯುಕ್ತವೆನಿಸುತ್ತದೆ. ಒಂದು ಜ್ಞಾನಕ್ಕೆ ಮತ್ತೊಂದು ಜ್ಞಾನವು ಹೊಂದಿಕೊಂಡು ಬರುವುದನ್ನು ನಮ್ಮ ಶಾಸ್ತ್ರಕಾರರು ‘ಸಂವಾದ’ವೆಂದು ಕರೆದರು. ಗಣಿತಜ್ಞರಾದರೋ, ಒಂದು ನಿಶ್ಚಿತ ಬೆಲೆಯನ್ನು ಎಷ್ಟು ಬೇಕಾದರೂ ಸಮೀಪಿಸುತ್ತ ಹೋಗುವುದನ್ನು ‘ಅಭಿಸರಣ’ವೆನ್ನುತ್ತಾರೆ. ಇವೆರಡನ್ನೂ ಸೇರಿಸಿ ನೋಡಿದರೆ ನಮ್ಮ ಪ್ರಶ್ನೆಗೆ ದಾರಿ ದೊರೆತೀತು.

ಮೊದಲು ಗಣಿತ. ಕೇರಳದ ಸಂಗಮಗ್ರಾಮದ ಮಾಧವನೆಂಬ 14ನೆಯ ಶತಮಾನದ ಗಣಿತಜ್ಞನ ಹೆಸರಿನಲ್ಲಿ ಒಂದು ಶ್ರೇಣಿ ಪ್ರಸಿದ್ಧವಾಗಿದೆ. ಒಂದರಿಂದ ಮೂರನೆಯ ಒಂದಂಶವನ್ನು ಕಳೆಯಬೇಕು. ಐದನೆಯ ಒಂದಂಶವನ್ನು ಕೂಡಬೇಕು. ಏಳನೆಯ ಒಂದಂಶವನ್ನು ಕಳೆಯಬೇಕು. ಹೀಗೆಯೇ ಮುಂದುವರಿದು ಬಂದುದನ್ನು ನಾಲ್ಕರಿಂದ ಗುಣಿಸಿದರೆ, ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ಅನುಪಾತವು ಸಮೀಪಿಸುತ್ತ ಬರುತ್ತದೆ. ಮೊದಲ ಹೆಜ್ಜೆಗೆ 4, ಎರಡನೆಯದಕ್ಕೆ 2.67, ಮೂರನೆಯದಕ್ಕೆ 3.47, ನಾಲ್ಕನೆಯದಕ್ಕೆ 2.90. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಆದರೆ ಹೆಜ್ಜೆಹೆಜ್ಜೆಗೂ ತಪ್ಪು ಕಿರಿದಾಗುತ್ತದೆ. ಒಂದೊಂದು ಪದವೂ ಹಿಂದಿನ ಪದದ ಅತಿರೇಕವನ್ನು ತಿದ್ದುವುದೇ ಇದಕ್ಕೆ ಕಾರಣ.

ಇನ್ನೊಂದು ಶ್ರೇಣಿಯನ್ನು ನೋಡೋಣ. ಒಂದು, ಅರ್ಧ, ಮೂರನೆಯ ಒಂದಂಶ, ನಾಲ್ಕನೆಯ ಒಂದಂಶ ಎಂದು ಕೂಡುತ್ತಲೇ ಹೋಗಬೇಕು, ಇಲ್ಲಿ ಕಳೆಯುವುದೆಂಬುದಿಲ್ಲ. ಹತ್ತು ಲಕ್ಷ ಪದಗಳನ್ನು ಕೂಡಿದರೂ ಮೊತ್ತವು 15ನ್ನು ಮುಟ್ಟದು. ನೋಡಿದವರು, ಇದು ಇನ್ನೇನು ಒಂದೆಡೆ ನಿಂತೀತೆಂದು ಭಾವಿಸಿಯಾರು. ಆದರೆ ಈ ಮೊತ್ತಕ್ಕೆ ಎಲ್ಲೆಯೇ ಇಲ್ಲವೆಂಬುದನ್ನು ಫ್ರಾನ್ಸಿನ ನಿಕೋಲ್ ಒರೇಮನು 14ನೆಯ ಶತಮಾನದಲ್ಲಿಯೇ ಸಾಧಿಸಿದನು. ನೆಲೆ ನಿಂತಂತೆ ತೋರುವುದು ಬೇರೆ, ನೆಲೆಯಿರುವುದು ಬೇರೆ ಎಂಬ ಪಾಠ ಇಲ್ಲಿದೆ.

ಈಗ ವಿಜ್ಞಾನ. ಪರಮಾಣುಗಳು ನಿಜವಾಗಿಯೂ ಇವೆಯೇ ಎಂಬುದರ ಬಗೆಗೆ 20ನೆಯ ಶತಮಾನದ ಆರಂಭದಲ್ಲಿಯೂ ದೊಡ್ಡ ವಿಜ್ಞಾನಿಗಳಲ್ಲಿ ಸಂದೇಹವಿತ್ತು. ಫ್ರಾನ್ಸಿನ ಝಾನ್ ಪೆರಾ ಅವರು, ನಿರ್ದಿಷ್ಟ ಪ್ರಮಾಣದ ವಸ್ತುವಿನಲ್ಲಿ ಅಣುಗಳೆಷ್ಟೆಂಬ ಸಂಖ್ಯೆಯನ್ನು ಹಲವು ಮಾರ್ಗಗಳಿಂದ ಪರೀಕ್ಷಿಸಿ 1913ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ನೀರಿನಲ್ಲಿ ತೇಲುವ ಸೂಕ್ಷ್ಮಕಣಗಳ ಚಲನೆ, ಆಕಾಶದ ನೀಲವರ್ಣ, ವಿಕಿರಣಶೀಲ ವಸ್ತುಗಳ ಕ್ಷಯ, ಇವು ಒಂದಕ್ಕೊಂದು ಸಂಬಂಧವಿಲ್ಲದಂತೆ ತೋರುವ ವಿಷಯಗಳು. ಆದರೂ ಎಲ್ಲ ಮಾರ್ಗಗಳೂ ಹೆಚ್ಚುಕಡಿಮೆ ಒಂದೇ ಸಂಖ್ಯೆಯ ಬಳಿಗೆ ಬಂದು ಸೇರಿದವು. ಪೆರಾ ಅವರಿಗೆ 1926ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಈ ಸಂವಾದಕ್ಕೆ ಬಲವೆಲ್ಲಿಂದ ಬಂತು? ಮಾರ್ಗಗಳು ಬೇರೆಬೇರೆಯಾಗಿದ್ದುದರಿಂದ. ಒಂದರ ದೋಷವು ಮತ್ತೊಂದಕ್ಕೆ ಅಂಟುವಂತಿರಲಿಲ್ಲ. ಒಂದೇ ಪ್ರಯೋಗವನ್ನು ನೋಡಿ ಉಳಿದವರು ಅದೇ ಸಂಖ್ಯೆಯನ್ನು ನಕಲು ಮಾಡಿದ್ದರೆ, ನೂರು ಪುಸ್ತಕಗಳಲ್ಲಿ ಅಚ್ಚಾಗಿದ್ದರೂ ಅದು ಒಂದೇ ಸಾಕ್ಷ್ಯವಾಗಿ ಉಳಿಯುತ್ತಿತ್ತು.

ಸಮಾಜದಲ್ಲಿ ನಡೆಯುವುದು ಬಹುಮಟ್ಟಿಗೆ ಈ ನಕಲು. ಅಮೆರಿಕದ ಸಾಲಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞರು 1951ರಲ್ಲಿ ಪ್ರಕಟಿಸಿದ ಪ್ರಯೋಗವು ಇದಕ್ಕೆ ನಿದರ್ಶನ. ಮೂರು ಗೆರೆಗಳಲ್ಲಿ ಯಾವುದು ತೋರಿಸಿದ ಗೆರೆಗೆ ಸಮವೆಂದು ಹೇಳುವುದಷ್ಟೇ ಕೆಲಸ. ಒಂಟಿಯಾಗಿದ್ದಾಗ ಯಾರೂ ತಪ್ಪುವುದು ಅಪರೂಪ. ಆದರೆ ಮೊದಲೇ ಸೂಚನೆ ಪಡೆದಿದ್ದ ಉಳಿದವರೆಲ್ಲರೂ ತಪ್ಪನ್ನೇ ಒಟ್ಟಾಗಿ ಹೇಳಿದಾಗ, ಪರೀಕ್ಷೆಗೊಳಗಾದವರ ಉತ್ತರಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಆ ತಪ್ಪಿನ ಹಿಂದೆಯೇ ಹೋದವು. ಗುಂಪಿನಲ್ಲಿ ಒಬ್ಬನೇ ಒಬ್ಬನು ಕಂಡದ್ದನ್ನು ಕಂಡಂತೆ ಹೇಳಿದಾಗಲಾದರೋ ಈ ದೋಷ ಬಹಳಮಟ್ಟಿಗೆ ಕುಗ್ಗಿತು.

ಇದು ನಮ್ಮ ಅನುಭವವೂ ಹೌದು. ಹಲವು ವರ್ಷಗಳ ಹಿಂದೆ ಊರಿನ ಹಿರಿಯರ ಮನೆಯನ್ನು ಮಾರುವ ಪ್ರಸ್ತಾಪ ಬಂದಾಗ, ದಾಯಾದಿಗಳೆಲ್ಲರೂ ಪಡಸಾಲೆಯಲ್ಲಿ ಕೂಡಿದ್ದೆವು. ‘ಎಲ್ಲರ ಇಷ್ಟ ಹೇಗೋ ಹಾಗೆ ಆಗಲಿ’ ಎಂದರು ದೊಡ್ಡಪ್ಪನವರು. ಮೊದಲು ಮಾತನಾಡಿದವರು ‘ಮಾರಿಬಿಡೋಣ’ವೆಂದರು. ಉಳಿದವರು ತಲೆಯಾಡಿಸಿದರು, ಈ ಸಾಲುಗಳನ್ನು ಬರೆಯುತ್ತಿರುವ ನಾವೂ ತಲೆಯಾಡಿಸಿದೆವು. ಆ ಮನೆಯಲ್ಲಿಯೇ ಬಾಳಿದ್ದ ವೃದ್ಧೆ ಸೋದರತ್ತೆಯವರನ್ನು ಯಾರೂ ಕೇಳಲಿಲ್ಲ. ಮರುವರ್ಷ ಶ್ರಾದ್ಧಕ್ಕೆಂದು ಸೇರಿದಾಗ ಒಬ್ಬೊಬ್ಬರೂ ಬೇರೆಬೇರೆಯಾಗಿ ಹೇಳಿದ್ದು ಒಂದೇ ಮಾತು: ‘ನನಗೆ ಇಷ್ಟವಿರಲಿಲ್ಲ, ನಿಮಗೆಲ್ಲ ಬೇಕಾಗಿದೆಯೆಂದು ಸುಮ್ಮನಿದ್ದೆ.’ ಮೊದಲು ಬಾಯಿಬಿಟ್ಟವರೂ, ಉಳಿದವರಿಗೆ ಹಣದ ಅಡಚಣೆಯಿರಬಹುದೆಂದು ಊಹಿಸಿಯೇ ಹಾಗೆ ಹೇಳಿದ್ದರಂತೆ. ಯಾರಿಗೂ ಬೇಡದ ಕಾರ್ಯವು ಸರ್ವಾನುಮತದಿಂದ ನಡೆದುಹೋಗಿತ್ತು. ಸೋದರತ್ತೆಯವರು ಕೊನೆಯ ದಿನಗಳನ್ನು ಅಣ್ಣತಮ್ಮಂದಿರ ಮಕ್ಕಳ ಮನೆಗಳಲ್ಲಿ ಸರದಿಯಂತೆ ಕಳೆದರು. ನಾವೆಲ್ಲರೂ ಅವರನ್ನು ಆದರದಿಂದಲೇ ನೋಡಿಕೊಂಡೆವು. ಆದರೆ ಅವರ ತುಳಸೀಕಟ್ಟೆಯನ್ನು ಹಿಂದಕ್ಕೆ ತಂದುಕೊಡಲು ನಮ್ಮಿಂದಾಗಲಿಲ್ಲ.

ಹಿರಿಯರ ಮುಂದೆ ಮೌನವಾಗಿರುವುದು ವಿನಯವಲ್ಲವೆ ಎಂದು ಕೆಲವರು ಕೇಳಬಹುದು. ವಿನಯವಿರಬೇಕಾದುದು ಮಾತಿನ ರೀತಿಯಲ್ಲಿ, ಮತ್ತು ನಿರ್ಣಯವಾದ ಮೇಲೆ ಅದನ್ನು ಮನಃಪೂರ್ವಕವಾಗಿ ನಡೆಸುವುದರಲ್ಲಿ. ಕಂಡದ್ದನ್ನು ಮರೆಮಾಡುವುದು ವಿನಯವಲ್ಲ. ಅದು ಸಭೆಗೆ ಸಲ್ಲಬೇಕಾದ ಸಾಕ್ಷ್ಯವನ್ನು ತಡೆಹಿಡಿದಂತೆ. ಹಾಗೆಂದು ತನ್ನ ಮಾತೇ ನಡೆಯಬೇಕೆಂಬ ಹಟವೂ ಸಲ್ಲದು. ತನ್ನ ಪದವನ್ನು ಪ್ರಾಮಾಣಿಕವಾಗಿ ಕೂಡುವುದು, ಮುಂದಿನವರು ಅದನ್ನು ತಿದ್ದಿದರೆ ಸಂತೋಷದಿಂದ ಒಪ್ಪುವುದು, ಈ ಎರಡೂ ಇದ್ದಲ್ಲಿ ಮಾತ್ರವೇ ಒಮ್ಮತವು ಸತ್ಯದತ್ತ ನಡೆದೀತು. ನಮ್ಮ ಶಾಸ್ತ್ರಗ್ರಂಥಗಳಲ್ಲಿ ಸಿದ್ಧಾಂತಕ್ಕೆ ಮೊದಲು ಪೂರ್ವಪಕ್ಷವನ್ನು ನಿಲ್ಲಿಸುವ ಕ್ರಮವಿರುವುದು ಸುಮ್ಮನೆ ಅಲ್ಲ. ಎದುರುಮಾತನ್ನು ಕೇಳದೆ ಬಂದ ನಿರ್ಣಯಕ್ಕೆ ಪರೀಕ್ಷೆಯ ಬಲವಿರುವುದಿಲ್ಲ.

ಆದುದರಿಂದ ಮನೆಯಲ್ಲಾಗಲಿ ಸಭೆಯಲ್ಲಾಗಲಿ ‘ಎಲ್ಲರೂ ಒಪ್ಪಿದ್ದಾರೆ’ ಎಂಬ ಮಾತು ಬಂದಾಗ, ಎಷ್ಟು ಜನ ಒಪ್ಪಿದರೆಂದು ಎಣಿಸುವುದಕ್ಕಿಂತ, ಎಷ್ಟು ಜನ ಸ್ವತಂತ್ರವಾಗಿ ಯೋಚಿಸಿ ಒಪ್ಪಿದರೆಂದು ಕೇಳಿಕೊಳ್ಳೋಣ. ಹಿರಿಯರು ತಮ್ಮ ಅಭಿಪ್ರಾಯವನ್ನು ಕೊನೆಗಿರಿಸಿ, ಕಿರಿಯರನ್ನೂ ಮೂಲೆಯಲ್ಲಿ ಮೌನವಾಗಿ ಕುಳಿತವರನ್ನೂ ಮೊದಲು ಕೇಳುವುದು ಲೇಸು. ಅಂದು ಆ ಪಡಸಾಲೆಯಲ್ಲಿ ಒಬ್ಬರಾದರೂ ಹಾಗೆ ಕೇಳಿದ್ದರೆ ಸಾಕಾಗುತ್ತಿತ್ತು.