ತ್ಯಾಗದ ಋಣ

ತನ್ನದನ್ನು ಕೊಡುವುದೇ ತ್ಯಾಗ. ಆದರೆ ತ್ಯಾಗ ಮಾಡುವವರ ಕೈಯಿಂದ ಹೋಗುವುದೆಲ್ಲವೂ ಅವರದೇ ಆಗಿರುತ್ತದೆಯೇ? ಚೀನದೇಶದ ವಿಜ್ಞಾನಿ ತು ಯುಯು ಅವರ ಬಾಳನ್ನು ನೆನೆದಾಗ ಈ ಪ್ರಶ್ನೆ ಏಳುತ್ತದೆ.

ಮಲೇರಿಯಾದ ರೋಗಾಣುಗಳು ಕ್ಲೋರೋಕ್ವಿನ್ ಔಷಧಕ್ಕೆ ಜಗ್ಗದಾಗಿದ್ದ ಕಾಲದಲ್ಲಿ, 1969ರಲ್ಲಿ, ಹೊಸ ಮದ್ದನ್ನು ಅರಸುವ ಹೊಣೆ ಅವರ ಮೇಲೆ ಬಿದ್ದಿತು. ಅವರು 2000ಕ್ಕೂ ಮಿಕ್ಕ ಪಾರಂಪರಿಕ ಔಷಧವಿಧಿಗಳನ್ನು ಸಂಗ್ರಹಿಸಿದರು. ನಾಲ್ಕನೆಯ ಶತಮಾನದ ಗೆ ಹಾಂಗ್ ಎಂಬಾತನ ಗ್ರಂಥದಲ್ಲಿ ಚಿಂಗ್‌ಹಾವ್ ಮೂಲಿಕೆಯನ್ನು ನೀರಿನಲ್ಲಿ ನೆನೆಸಿ, ಹಿಂಡಿ ಕುಡಿಯುವ ವಿಧಿಯಿತ್ತು, ಕುದಿಸುವ ಮಾತಿರಲಿಲ್ಲ. ಕಾವೇ ಸತ್ತ್ವವನ್ನು ಕೆಡಿಸುತ್ತಿರಬೇಕೆಂದು ಊಹಿಸಿ, ಕಡಿಮೆ ಉಷ್ಣದಲ್ಲಿ ಈಥರಿನಿಂದ ಸಾರ ತೆಗೆದರು. 1971ರ ಅಕ್ಟೋಬರಿನಲ್ಲಿ 191ನೆಯ ಮಾದರಿಯು ಇಲಿಗಳಲ್ಲಿ ರೋಗಾಣುಗಳನ್ನು ಪೂರ್ಣವಾಗಿ ಅಳಿಸಿತು. 1972ರಲ್ಲಿ, ರೋಗಿಗಳಿಗೆ ಕೊಡುವ ಮುನ್ನ, ಅವರೂ ಇಬ್ಬರು ಸಹೋದ್ಯೋಗಿಗಳೂ ತಾವೇ ಅದನ್ನು ಸೇವಿಸಿದರು. ಆರ್ಟೆಮಿಸಿನಿನ್ ಎಂದು ಹೆಸರಾದ ಆ ಔಷಧದಿಂದ ಲಕ್ಷಾಂತರ ಜೀವಗಳು ಉಳಿದವು. 2015ರಲ್ಲಿ ನೊಬೆಲ್ ಪಾರಿತೋಷಕವೂ ಬಂದಿತು.

ದೇಹ ಅವರದು, ಅದನ್ನು ಒಡ್ಡಿದ್ದು ನಿಜವಾದ ತ್ಯಾಗ. ಆದರೆ ಈ ಕಾರ್ಯಕ್ಕಾಗಿ ಎಳೆಯ ಮಗಳನ್ನು ಶಿಶುವಿಹಾರದಲ್ಲಿ ಬಿಟ್ಟು ಹೋಗಿದ್ದರು. ಮರಳಿದಾಗ ಆ ಮಗು ತಾಯಿಯನ್ನು ಗುರುತಿಸಲಿಲ್ಲ. ತಾಯಿಯ ಮಡಿಲು ಮಗುವಿನ ಸೊತ್ತು. ಅದನ್ನು ಕೊಟ್ಟದ್ದು ಮಗು. ಅದರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ.

ಹಾಗೆಂದು ತಾಯಿ ತಪ್ಪಿದರೆನ್ನಲಾಗದು. ಮದ್ದಿನಿಂದ ಉಳಿದವರೂ ಯಾರದೋ ಮಕ್ಕಳೇ. ಆದರೂ ಪುಣ್ಯವು ಋಣವನ್ನು ತೀರಿಸುವುದಿಲ್ಲ. ಮನೆ ತೊರೆದು ಬಂದ ನಾವೂ ಇದನ್ನು ಮರೆಯಲಾಗದು: ಲೋಕವು ತ್ಯಾಗಿಗೆ ಕೈಮುಗಿಯುವಾಗ, ಯಾರೂ ಕೇಳದೆಯೇ ತೆತ್ತವರಿಗೆ ತ್ಯಾಗಿಯೇ ಮೊದಲು ತಲೆಬಾಗಬೇಕು.