ಬೀಪ್ ಅಂದದ್ದು ಯಾರು?

ಏಪ್ರಿಲ್ ತಿಂಗಳ ಮಧ್ಯಾಹ್ನಗಳಲ್ಲಿ ರಾಜಾಜಿನಗರದಿಂದ ಕೆಂಗೇರಿಯವರೆಗೆ ಎಷ್ಟೋ ಮನೆಗಳಲ್ಲಿ ಕೇಳಿಬರುವ ಒಂದು ಸದ್ದಿದೆ. ಪರೀಕ್ಷೆ ಮುಗಿಸಿದ ಮಗ ಕಂಪ್ಯೂಟರಿನಲ್ಲಿ ಗೇಮ್ ಆಡುತ್ತಿರುತ್ತಾನೆ. ಪರದೆಯ ಮೇಲೆ ಓಡುತ್ತಿದ್ದ ಕಾರು ಇದ್ದಲ್ಲೇ ನಿಲ್ಲುತ್ತದೆ, ಮೌಸ್ ಮಾತು ಕೇಳುವುದಿಲ್ಲ, ಮೇಜಿನ ಕೆಳಗಿನಿಂದ ‘ಬೀಪ್, ಬೀಪ್’ ಶುರುವಾಗುತ್ತದೆ. ಆ ಗಳಿಗೆಯಲ್ಲಿ ಮನೆಮಂದಿಯೆಲ್ಲ ತಜ್ಞರೇ. “ಮೂರು ಹೊತ್ತೂ ಗೇಮ್ ಆಡಿದ್ರೆ ಇನ್ನೇನಾಗುತ್ತೆ ಕಣೋ?” ಎನ್ನುತ್ತಾರೆ ಅಮ್ಮ. “ಗ್ರಾಫಿಕ್ಸ್ ಕಾರ್ಡ್ ಹಳೇದಾಯ್ತು ಅಪ್ಪಾ, ಹೊಸದು ಹಾಕ್ಸೋಣ” ಎನ್ನುತ್ತಾನೆ ಮಗ. ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗೆ ಒಯ್ದರೆ ಎಷ್ಟು ಬೀಳಬಹುದೆಂದು ಅಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ. “ಪಾಪ, ಅದಕ್ಕೂ ಸ್ವಲ್ಪ ಸುಧಾರಿಸ್ಕೊಳ್ಳೋಕೆ ಬಿಡೋ” ಎಂಬ ಅಜ್ಜಿಯ ಮಾತು ಮಾತ್ರ ಯಾರ ಕಿವಿಗೂ ಬೀಳುವುದಿಲ್ಲ. ಕೆಟ್ಟಿರುವುದು ಏನೆಂದು ಇನ್ನೂ ಯಾರೂ ನೋಡಿಲ್ಲ. ಬಹುದಿನದಿಂದ ಹೇಳಬೇಕೆಂದುಕೊಂಡದ್ದನ್ನು ಎಲ್ಲರೂ ಇವತ್ತು ಹೇಳಿ ಮುಗಿಸಿದ್ದಾರೆ, ಅಷ್ಟೆ.

ಮೊದಲು ಮಾಡಬೇಕಾದ ಕೆಲಸ ಬಹಳ ಸರಳ: ಬಗ್ಗಿ, ಸದ್ದು ಎಲ್ಲಿಂದ ಬರುತ್ತಿದೆ ಎಂದು ಕೇಳುವುದು. ಮೇಜಿನ ಕೆಳಗೆ ಸಾಮಾನ್ಯವಾಗಿ ಎರಡು ಪೆಟ್ಟಿಗೆಗಳಿರುತ್ತವೆ. ಒಂದು, ನಾವೆಲ್ಲ ಸಿಪಿಯು ಎಂದು ಕರೆಯುವ ಕ್ಯಾಬಿನೆಟ್, ಇನ್ನೊಂದು ಯುಪಿಎಸ್. ಮನೆಗಳಲ್ಲಿ ಹೆಚ್ಚಾಗಿ ಕಾಣುವ 600 ವಿಎ ಯುಪಿಎಸ್ ಹೊರಬಲ್ಲದ್ದು ಸುಮಾರು 360 ವಾಟ್. ಪತ್ರ ಟೈಪ್ ಮಾಡುವಾಗ ಕಂಪ್ಯೂಟರಿಗೆ ಅದರಲ್ಲಿ ಒಂದಿಷ್ಟು ಸಾಕು. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರ ಆಟದ ಭರದಲ್ಲಿ ಅಷ್ಟನ್ನೂ ದಾಟೀತು. ಆಗ ಕೂಗಿಕೊಳ್ಳುವುದು ಯುಪಿಎಸ್, ಬೈಗುಳ ತಿನ್ನುವುದು ಕಂಪ್ಯೂಟರ್. ಸದ್ದು ಕ್ಯಾಬಿನೆಟ್ಟಿನದೇ ಆದರೆ ಅದಕ್ಕೂ ಒಂದು ಕ್ರಮವಿದೆ. 1981ರ ಐಬಿಎಂ ಪಿಸಿಯ ಕಾಲದಿಂದಲೂ ಈ ಯಂತ್ರಗಳು ಆನ್ ಆದೊಡನೆ ತಮ್ಮನ್ನು ತಾವೇ ಪರೀಕ್ಷಿಸಿಕೊಂಡು, ಪರದೆ ಬೆಳಗುವ ಮೊದಲೇ ಸದ್ದಿನಲ್ಲಿ ವರದಿ ಒಪ್ಪಿಸುವುದನ್ನು ಕಲಿತಿವೆ. ಒಂದು ಗಿಡ್ಡ ಬೀಪ್ ಬಂದರೆ ಸಾಮಾನ್ಯವಾಗಿ ಎಲ್ಲ ಕ್ಷೇಮ. ಒಂದು ಉದ್ದ, ಎರಡು ಗಿಡ್ಡ ಬಂದರೆ ಅನೇಕ ಮದರ್‌ಬೋರ್ಡ್‌ಗಳಲ್ಲಿ ಡಿಸ್‌ಪ್ಲೇ ಕಾರ್ಡಿನ ತೊಂದರೆ. ತಯಾರಕರು ಬದಲಾದರೆ ಸಂಕೇತವೂ ಬದಲಾಗುವುದರಿಂದ ಮದರ್‌ಬೋರ್ಡಿನ ಜೊತೆ ಬಂದ ಕಿರುಪುಸ್ತಕ ನೋಡುವುದೇ ಲೇಸು. ಆದರೆ ಇವು ಆನ್ ಮಾಡುವ ಹೊತ್ತಿನ ಸದ್ದುಗಳು. ಚೆನ್ನಾಗಿಯೇ ಆನ್ ಆಗಿ, ಆಟದ ನಡುವೆ ಕೂಗಿದರೆ ಮೊದಲು ಶಂಕಿಸಬೇಕಾದದ್ದು ಶಾಖವನ್ನು.

ನಮ್ಮ ಭಾಗದಲ್ಲಿ ಶಾಖಕ್ಕೆ ಧೂಳು ಜೊತೆಗಾರ. ಮಾಗಡಿ ರಸ್ತೆ, ಮೈಸೂರು ರಸ್ತೆಗಳ ಧೂಳು ಕಿಟಕಿಯಿಂದ ಒಳಬಂದು, ಗೋಡೆಗೆ ಒತ್ತಿಟ್ಟ ಕ್ಯಾಬಿನೆಟ್ಟಿನೊಳಗೆ ನೆಲೆಸುತ್ತದೆ. ಪ್ರೊಸೆಸರಿನ ಮೇಲಿನ ಹೀಟ್ ಸಿಂಕ್‌ನ ಸಂದುಗಳು ಮುಚ್ಚುತ್ತವೆ. ಎರಡರ ನಡುವೆ ಹಚ್ಚಿದ ಪೇಸ್ಟ್ ವರ್ಷಗಳು ಕಳೆದಂತೆ ಒಣಗುತ್ತದೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಉಷ್ಣಾಂಶ 39.2 ಡಿಗ್ರಿ ಮುಟ್ಟಿತ್ತು. ಅಂಥ ದಿನಗಳಲ್ಲಿ ಫ್ಯಾನ್ ಒಳಗೆಳೆದುಕೊಳ್ಳುವ ಗಾಳಿಯೇ ಬಿಸಿ. ಇಂದಿನ ಬಹುತೇಕ ಪ್ರೊಸೆಸರ್‌ಗಳು 95–100 ಡಿಗ್ರಿಯ ಆಸುಪಾಸಿನಲ್ಲಿ ತಾವೇ ವೇಗ ತಗ್ಗಿಸಿಕೊಳ್ಳುತ್ತವೆ, ಇನ್ನೂ ಏರಿದರೆ ಯಂತ್ರವೇ ಆಫ್ ಆಗುತ್ತದೆ. ಪರೀಕ್ಷೆಗೆ ಕಾಸಿನ ಖರ್ಚಿಲ್ಲ: ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು, ಎದುರಿಗೆ ಟೇಬಲ್ ಫ್ಯಾನ್ ಇಟ್ಟು ಅದೇ ಗೇಮ್ ಆಡಿಸಿ ನೋಡುವುದು. ಈಗ ನಿಲ್ಲದೆ ನಡೆದರೆ ಶಾಖವೇ ಕಾರಣ. ಆಫ್ ಮಾಡಿ, ವೈರ್ ಕಿತ್ತು, ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಲ್ಲಿ ಹಿಡಿದು, ಒಣ ಬ್ರಷ್ಷಿನಿಂದ ಧೂಳು ತೆಗೆಯಬೇಕು. ಆಗಲೂ ನಿಂತರೆ ಮುಂದಿನದು ರ್‍ಯಾಮ್: ಎರಡಿದ್ದರೆ ಒಂದನ್ನು ಮಾತ್ರ ಇಟ್ಟು ನೋಡುವುದು, ಆಮೇಲೆ ಇನ್ನೊಂದನ್ನು. ಅದಾದ ಮೇಲೆ ಯಂತ್ರಕ್ಕೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್. ಗ್ರಾಫಿಕ್ಸ್ ಕಾರ್ಡ್ ಕೊಳ್ಳಲು ಚಿಕ್ಕಪೇಟೆಯ ಮೆಟ್ರೊ ಹತ್ತುವುದು ಕಟ್ಟಕಡೆಗೆ. ಅನುಭವಸ್ಥ ರಿಪೇರಿಯವರ ನಿಯಮ ಇದು: ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡು. ಎಲ್ಲವನ್ನೂ ಒಟ್ಟಿಗೆ ಬದಲಿಸಿದವನಿಗೆ ಯಂತ್ರ ಸರಿಹೋದರೂ ಯಾಕೆ ಸರಿಹೋಯಿತೆಂದು ಗೊತ್ತಾಗುವುದಿಲ್ಲ.

ಅಮ್ಮನ ಮಾತು ಪೂರ್ತಿ ಸುಳ್ಳೇನಲ್ಲ. ಗೇಮ್ ಆಡುವಾಗಲೇ ಯಂತ್ರ ನಿಂತದ್ದು ನಿಜ. ಆದರೆ ಆಟ ನಿಮಿತ್ತ, ಧೂಳು ಕಾರಣ. ಹಗುರ ಕೆಲಸದಲ್ಲಿ ಅಡಗಿದ್ದ ದೋಷ ಭಾರ ಬಿದ್ದಾಗ ಹೊರಬಂತು. ನಾವು ಸಿಟ್ಟಾಗಿ ಒಂದು ತಿಂಗಳು ಗೇಮ್ ನಿಲ್ಲಿಸಿದರೆ ಬೀಪ್ ಕೂಡ ನಿಲ್ಲುತ್ತದೆ; ಧೂಳು ಮಾತ್ರ ಅಲ್ಲೇ ಇರುತ್ತದೆ, ಇನ್ನಷ್ಟು ಕೂಡುತ್ತದೆ. ಸದ್ದಡಗಿದ್ದನ್ನೇ ರಿಪೇರಿ ಎಂದು ನಂಬುವ ಅಭ್ಯಾಸ ಮನುಷ್ಯರ ವಿಷಯದಲ್ಲೂ ನಮಗಿದೆ. ವರ್ಷವಿಡೀ ಎಲ್ಲರ ಊಟ-ತಿಂಡಿ ನೋಡಿಕೊಂಡವರು ಗೌರಿ ಹಬ್ಬದ ದಿನ ಒಮ್ಮೆ ಸಿಡುಕಿದರೆ “ಹಬ್ಬದ ದಿನವೂ ಹೀಗೇನಾ?” ಎಂದು ಕೇಳುತ್ತೇವೆ. ಅವರು ಸುಮ್ಮನಾಗುತ್ತಾರೆ, ನಾವು ಶಾಂತಿ ನೆಲೆಸಿತೆಂದುಕೊಳ್ಳುತ್ತೇವೆ. ಹಬ್ಬ ಅಲ್ಲಿ ನಿಮಿತ್ತ ಮಾತ್ರ. ಎಷ್ಟು ದಿನದಿಂದ ಒಬ್ಬರೇ ಹೊತ್ತಿದ್ದಾರೆ, ಅದರಲ್ಲಿ ಯಾವ ಒಂದು ಕೆಲಸವನ್ನು ನಾಳೆಯಿಂದ ನಾನು ವಹಿಸಿಕೊಳ್ಳಬಹುದು ಎಂದು ಕೇಳುವುದು ಕಾರಣದತ್ತ ಇಡುವ ಹೆಜ್ಜೆ. ಇಲ್ಲೂ ಒಂದೊಂದನ್ನೇ ಬದಲಿಸಿ ನೋಡಬೇಕು. “ಇನ್ನು ಮೇಲೆ ಎಲ್ಲಾ ನಾನೇ ಮಾಡ್ತೀನಿ” ಎಂಬ ಪ್ರತಿಜ್ಞೆ ಹೆಚ್ಚು ದಿನ ಬಾಳುವುದಿಲ್ಲ.

ಹಾಗೆಂದು ಮಗನ ಆಟಕ್ಕೆ ಮಿತಿ ಬೇಡವೆಂದಲ್ಲ. ಬೇಕು, ಖಂಡಿತ ಬೇಕು. ಆದರೆ ಆ ಮಾತನ್ನು ಯಂತ್ರ ಕೆಟ್ಟ ದಿನಕ್ಕೆ ಎತ್ತಿಡುವುದು ಬೇಡ. ಕೆಟ್ಟ ದಿನ ಅವನಿಗೆ ಒಂದು ಸ್ಕ್ರೂಡ್ರೈವರ್, ಒಂದು ಬ್ರಷ್ ಕೊಟ್ಟು ಪಕ್ಕದಲ್ಲಿ ಟಾರ್ಚ್ ಹಿಡಿದು ಕೂರೋಣ. ಯಂತ್ರ ಚೆನ್ನಾಗಿ ಓಡುತ್ತಿರುವ ಇನ್ನೊಂದು ದಿನ, ಊಟವಾದ ಮೇಲೆ, ಆಟದ ಹೊತ್ತಿನ ಬಗ್ಗೆ ಮಾತಾಡೋಣ. ಜೊತೆಗೆ ಕೂತು ಧೂಳು ತೆಗೆದವರ ಮಾತನ್ನು ಅವನು ಕೇಳುವ ಸಂಭವ ಹೆಚ್ಚು.