ದಾನಿಯೇಲನ ಮೊದಲ ವರ್ಷ

ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಕಡೆಯ ಯೌವನಸ್ಥರು ಇವತ್ತು ಒಟ್ಟಿಗೆ ಕೂಡಿದ್ದೀರಿ, ದೇವರಿಗೆ ಸ್ತೋತ್ರ. ಈ ವರ್ಷ ಡಿಗ್ರಿಗೆ, ಪಿಜಿಗೆ, ಇಂಜಿನಿಯರಿಂಗಿಗೆ ಹೊಸದಾಗಿ ಹೋಗ್ತಿರೋರು ಎಷ್ಟು ಜನ? ಕೈ ಎತ್ರಿ. ಬನ್ರಿ, ಮುಂದೆ ಬಂದು ಕುಂದರ್ರಿ. ಕೆಲವರು ಇಲ್ಲೇ ಊರ ಕಾಲೇಜಿಗೆ, ಕೆಲವರು ರಾಯಚೂರಿನ ವಿಶ್ವವಿದ್ಯಾಲಯದ ಯರಗೇರಾ ಕ್ಯಾಂಪಸ್ಸಿಗೆ, ಕೆಲವರು ಕಲಬುರಗಿ, ಧಾರವಾಡ, ಬೆಂಗಳೂರಿಗೆ. ತಂದೆತಾಯಂದಿರೂ ಬಂದಿದ್ದೀರಿ. ಒಳ್ಳೆಯದಾಯ್ತು, ನಿಮಗೂ ಎರಡು ಮಾತು ಇದಾವೆ.

ದಾನಿಯೇಲನ ಪುಸ್ತಕ ಒಂದನೇ ಅಧ್ಯಾಯ ತೆಗೀರಿ. ಈ ಅಧ್ಯಾಯವನ್ನು ನಾವು ಯಾವಾಗಲೂ ಉಪವಾಸದ ಅಧ್ಯಾಯ ಅಂತ ಓದ್ತೇವೆ. ಇವತ್ತು ಅಡ್ಮಿಷನ್ ಅಧ್ಯಾಯ ಅಂತ ಓದೋಣ. ನೋಡ್ರಿ, ಯೆರೂಸಲೇಮಿನಿಂದ ಹುಡುಗರನ್ನು ಆರಿಸಿ ಬಾಬೆಲಿಗೆ ಕರೆದುಕೊಂಡು ಹೋದರು. ಎಷ್ಟು ವರ್ಷದ ಕೋರ್ಸು? ಮೂರು ವರ್ಷ. ಏನು ಕಲಿಸಿದರು? ಕಸ್ದೀಯರ ಭಾಷೆ, ಕಸ್ದೀಯರ ಸಾಹಿತ್ಯ. ಊಟ ಎಲ್ಲಿಂದ? ಅರಸನ ಮನೆಯಿಂದ. ನೋಡಿಕೊಳ್ಳೋಕೆ ಅಶ್ಪೆನಜ ಅಂತ ಒಬ್ಬ ಅಧಿಕಾರಿ, ಅವನ ಕೆಳಗೆ ಒಬ್ಬ ಮೇಲ್ವಿಚಾರಕ, ನಮ್ಮ ಭಾಷೆಯಲ್ಲಿ ವಾರ್ಡನ್. ಕೊನೆಗೆ ಅರಸನೇ ಕೂತು ವೈವಾ ತಗೊಂಡ. ಒಂದೇ ವ್ಯತ್ಯಾಸ, ಅವರು ಸೆರೆಯಾಳುಗಳಾಗಿ ಹೋದರು. ನೀವು ಅಪ್ಪ ಸಂಘದ ಸಾಲ ತೆಗೆದು ಕಟ್ಟಿದ ಫೀಸಿನಿಂದ ಹೋಗ್ತಿದ್ದೀರಿ.

ಈ ಹುಡುಗ ಅಲ್ಲಿ ಯಾವುದನ್ನು ಒಪ್ಪಿಕೊಂಡ, ಯಾವುದನ್ನು ಬೇಡ ಅಂದ? ಭಾಷೆ ಕಲಿತ. ಸಾಹಿತ್ಯ ಓದಿದ. ಬೇಲ್ತೆಶಚ್ಚರ ಅಂತ ಹೊಸ ಹೆಸರಿಟ್ಟರು, ಜಗಳ ಮಾಡಲಿಲ್ಲ. ಆಸ್ಥಾನದ ಕೆಲಸಕ್ಕೂ ತಯಾರಾದ. ಒಂದೇ ಒಂದು ಕಡೆ, ಅರಸನ ಭೋಜನ ಮತ್ತು ದ್ರಾಕ್ಷಾರಸದ ಹತ್ತಿರ, ನಿಂತುಬಿಟ್ಟ. ನಮ್ಮ ಹುಡುಗರು ಬಹಳ ಸಲ ಇದನ್ನು ತಿರುಗಾಮುರುಗಾ ಮಾಡ್ತಾರೆ. ಕಲಿಯೋದನ್ನು ಬೇಡ ಅಂತಾರೆ, ತಟ್ಟೆಯಲ್ಲಿ ಬಂದದ್ದನ್ನು ಸುಮ್ಮನೆ ನುಂಗ್ತಾರೆ. ಎನ್‌ಎಸ್‌ಎಸ್ ಕ್ಯಾಂಪ್ ಲೋಕಸ್ಥರದ್ದು ಅಂತ ಹೋಗಲ್ಲ. ಸೆಮಿನಾರ್ ಕೊಡು ಅಂದರೆ "ಪ್ರಾರ್ಥನೆ ಇದೆ ಸರ್" ಅಂತಾರೆ. ಆದರೆ ಪರೀಕ್ಷೆಯಲ್ಲಿ ಪಕ್ಕದವನು ಚೀಟಿ ಕೊಟ್ಟರೆ ಕೈ ತಾನೇ ಹೋಗ್ತದೆ. ಗೆಳೆಯನ ಹಾಜರಿಗೆ "ಪ್ರೆಸೆಂಟ್ ಸರ್" ಅನ್ನೋಕೆ ನಾಲಿಗೆ ತೊದಲಲ್ಲ. ಚಾಟ್‌ಜಿಪಿಟಿ ಬರೆದುಕೊಟ್ಟ ಅಸೈನ್‌ಮೆಂಟಿನ ಮೇಲೆ ತನ್ನ ಹೆಸರು ಬರೆದು ಕೊಡ್ತಾರೆ. ತಮ್ಮಾ, ಅರಸನ ತಟ್ಟೆ ಅಂದರೆ ಇದೇ.

ಹಾಜರಿ ವಿಷಯ ಬಂತು, ಹೇಳಿಬಿಡ್ತೀನಿ. ಶೇ 75 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸಲ್ಲ. ಶುಕ್ರವಾರದ ಉಪವಾಸ ಪ್ರಾರ್ಥನೆಗೆ ಕ್ಲಾಸ್ ಬಿಟ್ಟು ಬಂದರೆ ನಾನು ಸಂತೋಷಪಡ್ತೀನಿ ಅಂತ ಯಾರೂ ತಿಳ್ಕೋಬೇಡ್ರಿ. ಆರನೇ ಅಧ್ಯಾಯದಲ್ಲಿ ದಾನಿಯೇಲನ ವೈರಿಗಳು ಅವನ ಕೆಲಸದಲ್ಲಿ ತಪ್ಪು ಹುಡುಕಿ ಹುಡುಕಿ ಸೋತುಹೋದರು. ಅದೇ ಮನುಷ್ಯ ದಿನಕ್ಕೆ ಮೂರು ಸಲ ಮೊಣಕಾಲೂರುತ್ತಿದ್ದ. ಎರಡೂ ಒಬ್ಬನೇ. ಕೆಲಸ ಬಿಟ್ಟು ಪ್ರಾರ್ಥಿಸಿದ ಅಂತ ಎಲ್ಲೂ ಬರೆದಿಲ್ಲ.

ಈಗ ಭಾಷೆ. ಕನ್ನಡ ಮೀಡಿಯಂನಿಂದ ಹೋದವರಿಗೆ ಮೊದಲ ತಿಂಗಳು ಬಲು ಕಷ್ಟ. ಒಬ್ಬ ತಂಗಿ ಹೇಳಿದ್ಲು, "ಅಣ್ಣಾ, ಮೇಡಂ ಪಾಠ ಮಾಡ್ತಿದ್ರೆ ಎಲ್ಲರೂ ನಗ್ತಾರೆ, ನಾನೂ ನಗ್ತೀನಿ, ಯಾಕೆ ಅಂತ ಮಾತ್ರ ಗೊತ್ತಾಗಲ್ಲ." ನಗಬೇಡ್ರಿ, ಇಲ್ಲಿ ಎಷ್ಟೋ ಜನರ ಪರಿಸ್ಥಿತಿ ಅದೇ. ನಿಮಗೊಂದು ವಿಷಯ ಗೊತ್ತಾ? ದಾನಿಯೇಲನ ಪುಸ್ತಕ ಪೂರ್ತಿ ಇಬ್ರಿಯ ಭಾಷೆಯಲ್ಲಿಲ್ಲ. ಎರಡನೇ ಅಧ್ಯಾಯದ ನಾಲ್ಕನೇ ವಚನದ ನಡುವಿನಿಂದ ಏಳನೇ ಅಧ್ಯಾಯದ ಕೊನೆಯವರೆಗೆ ಅರಮಾಯ ಭಾಷೆಯಲ್ಲಿದೆ. ಅಂದರೆ ಅರಸರ ಆಸ್ಥಾನದಲ್ಲಿ ನಡೆಯುತ್ತಿದ್ದ ಭಾಷೆ. ಪರದೇಶದ ಭಾಷೆ ದೇವರ ವಾಕ್ಯದ ಒಳಗೇ ಬಂದು ಕೂತಿದೆ! ಹಲ್ಲೆಲೂಯ. ಅನ್ಯಭಾಷೆಯ ವರಕ್ಕಾಗಿ ರಾತ್ರಿಯಿಡೀ ಕಾಯುವ ನಾವು ಇಂಗ್ಲಿಷಿಗೆ ಹೆದರೋದಾ? ಆದರೆ ಒಂದು ಮಾತು, ಇಂಗ್ಲಿಷ್ ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿದರೆ ಬರಲ್ಲ. ಆ ನಾಲ್ವರಿಗೆ ಜ್ಞಾನ ಕೊಟ್ಟದ್ದು ದೇವರೇ ಅಂತ 17ನೇ ವಚನದಲ್ಲಿದೆ. ಆದರೂ ಮೂರು ವರ್ಷ ಕೂತು ಓದಿದರು. ದಿನಕ್ಕೆ ಹತ್ತು ಶಬ್ದ ನೋಟ್‌ಬುಕ್ಕಿನಲ್ಲಿ ಬರೀರಿ. ಕ್ಲಾಸ್ ಮುಗಿದ ಮೇಲೆ ಸ್ಟಾಫ್ ರೂಮಿಗೆ ಹೋಗಿ "ಸರ್, ಇದೊಂದು ತಿಳೀಲಿಲ್ಲ, ಕನ್ನಡದಾಗ ಹೇಳ್ತೀರಾ" ಅಂತ ಕೇಳ್ರಿ. ಕೇಳಿದವರಿಗೆ ಹೇಳಿಕೊಡದ ಮೇಷ್ಟ್ರು ಕಡಿಮೆ.

ಕಾಲೇಜು ಶುರುವಾದಾಗ "ದೀಕ್ಷಾರಂಭ" ಅಂತ ಕಾರ್ಯಕ್ರಮ ಇಟ್ಟಿದ್ದರೆ ಹೆಸರು ಕೇಳಿ ಗಾಬರಿಯಾಗಬೇಡ್ರಿ. ನಮಗೆ ದೀಕ್ಷಾಸ್ನಾನ ಗೊತ್ತು, ಇದೇನಪ್ಪಾ ಅಂತೀರಿ. ಅದು ಹೊಸ ವಿದ್ಯಾರ್ಥಿಗಳಿಗಾಗಿ 2019ರಲ್ಲಿ ಯುಜಿಸಿ ತಂದ ಪರಿಚಯ ಕಾರ್ಯಕ್ರಮ. ಲೈಬ್ರರಿ ಎಲ್ಲಿ, ದೂರು ಎಲ್ಲಿ ಕೊಡಬೇಕು, ಇಂಟರ್ನಲ್ ಮಾರ್ಕ್ಸ್ ಹೇಗೆ ಅಂತ ಹೇಳಿಕೊಡ್ತಾರೆ. ತಪ್ಪಿಸಬೇಡ್ರಿ. ಅಲ್ಲಿ ಪೂಜೆ ಮಾಡಿದರೆ, ಹಾಸ್ಟೆಲಿನಲ್ಲಿ ಗಣೇಶನ ಹಬ್ಬಕ್ಕೆ ಪ್ರಸಾದ ತಂದುಕೊಟ್ಟರೆ ಏನು ಮಾಡೋದು ಅಂತ ಪ್ರತಿ ವರ್ಷ ಕೇಳ್ತೀರಿ. ದಾನಿಯೇಲ ಮಾಡಿದ್ದನ್ನೇ ಮಾಡ್ರಿ. ಅವನು ತಟ್ಟೆಯನ್ನು ಎತ್ತಿ ಒಗೀಲಿಲ್ಲ. "ನಿಮ್ಮ ದೇವರು ಸುಳ್ಳು" ಅಂತ ಊಟದ ಮನೆಯಲ್ಲಿ ಪ್ರಸಂಗ ಮಾಡಲಿಲ್ಲ. ಅಧಿಕಾರಿಯ ಹತ್ತಿರ ಹೋಗಿ ವಿನಂತಿ ಮಾಡಿದ. ಅವನಿಗೆ ಭಯವಿದೆ ಅಂತ ಗೊತ್ತಾದಾಗ ಹತ್ತು ದಿನ ಪರೀಕ್ಷಿಸಿ ನೋಡು ಅಂತ ಮೇಲ್ವಿಚಾರಕನನ್ನು ಕೇಳಿಕೊಂಡ. ಎಷ್ಟು ಮರ್ಯಾದೆ ನೋಡ್ರಿ! ಗೌರವದಿಂದ ಸುಮ್ಮನೆ ನಿಲ್ರಿ. "ನಾನು ತಗೊಳ್ಳಲ್ಲ ಅಣ್ಣಾ, ಬೇಜಾರಾಗಬೇಡ" ಅಂತ ನಗುತ್ತಾ ಹೇಳ್ರಿ. ಮುಖ ಸಿಂಡರಿಸಬೇಡ್ರಿ. ಅವತ್ತು ಮಂಟಪ ಹಾಕೋಕೆ ಕುರ್ಚಿ ಎತ್ತಿದ ಆ ಹುಡುಗನೇ ನಾಳೆ ನಿಮಗೆ ಜ್ವರ ಬಂದಾಗ ಮಾತ್ರೆ ತಂದುಕೊಡೋನು.

ಹೆಸರಿನ ಮಾತು ಸ್ವಲ್ಪ ಹೆಚ್ಚು ಹೇಳಬೇಕು. ಮಸ್ಕಿಯವರು ಎಲ್ಲಿದ್ದೀರಿ? ನಿಮ್ಮೂರ ಬೆಟ್ಟದ ಶಾಸನ ಸ್ಕೂಲಿನಲ್ಲಿ ಓದಿದ್ದೀರಿ. 1915ರಲ್ಲಿ ಬೀಡನ್ ಎಂಬ ಇಂಜಿನಿಯರ್ ಚಿನ್ನದ ಗಣಿಗಾಗಿ ಹುಡುಕಾಡುತ್ತಾ ಅದನ್ನು ಕಂಡ. ಅಲ್ಲಿಯವರೆಗೆ ದೇಶದ ತುಂಬ ಸಿಕ್ಕಿದ್ದ ಶಾಸನಗಳಲ್ಲಿ "ದೇವಾನಾಂಪ್ರಿಯ" ಅಂತ ಬಿರುದು ಇತ್ತು, ಆ ದೇವಾನಾಂಪ್ರಿಯ ಯಾರು ಅನ್ನೋದು ಖಚಿತ ಆಗಿರಲಿಲ್ಲ. ಮಸ್ಕಿಯ ಕಲ್ಲಿನಲ್ಲಿ ಅಶೋಕ ಅನ್ನೋ ಹೆಸರು ಸಿಕ್ಕಿತು. ಬಿರುದು ಹಿಂದೆ ಇದ್ದ ಮನುಷ್ಯ ಯಾರು ಅಂತ ಗೊತ್ತಾಯ್ತು. ಹೆಸರು ಅಷ್ಟು ದೊಡ್ಡದು. ನಿಮ್ಮನ್ನೂ ಅಲ್ಲಿ ಕೇಳ್ತಾರೆ. "ನಿನ್ನ ಹೆಸರೇನು" ಅಂತ ಕೇಳಿ ಅಷ್ಟಕ್ಕೇ ಬಿಡಲ್ಲ. "ಅಡ್ಡಹೆಸರು ಏನು? ಯಾವ ಓಣಿ? ನಿಮ್ಮವರು ಯಾರು?" ಅಂತ ಸುತ್ತಿ ಬಳಸಿ ಜಾತಿಗೆ ಬರ್ತಾರೆ. ಕೆಲವರು ಕೇಳಿ ಸುಮ್ಮನಾಗ್ತಾರೆ, ಕೆಲವರು ಮಾರನೇ ದಿನದಿಂದ ನೀರಿನ ಬಾಟಲಿ ಹಂಚಿಕೊಳ್ಳಲ್ಲ. ನಾನು ಸುಳ್ಳು ಧೈರ್ಯ ಕೊಡಲ್ಲ, ಇದು ನಡೀತದೆ. ಆಗ ನಮ್ಮ ಮಕ್ಕಳು ಯೋಹಾನ ಅನ್ನೋ ಹೆಸರನ್ನು ಮುಚ್ಚಿಡ್ತಾರೆ, ಅಪ್ಪ ಕೂಲಿ ಅನ್ನೋದನ್ನು ಮುಚ್ಚಿಡ್ತಾರೆ, ಅವ್ವ ಹಾಸ್ಟೆಲ್ ಗೇಟಿಗೆ ಬಂದರೆ ಬೇಗ ಬಸ್ ಹತ್ತಿಸಿ ಕಳಿಸ್ತಾರೆ. ಬಾಬೆಲಿನಲ್ಲಿ ಎಲ್ಲರೂ ಬೇಲ್ತೆಶಚ್ಚರ ಅಂತಲೇ ಕರೆದರು. ಎಷ್ಟೋ ವರ್ಷ ಕಳೆದು ಬೇಲ್ಶಚ್ಚರ ಅರಸನ ಕಾಲದಲ್ಲಿ ಗೋಡೆಯ ಮೇಲೆ ಬರಹ ಕಂಡಾಗ ರಾಣಿ ಯಾರನ್ನು ಕರೆಸು ಅಂದಳು? ದಾನಿಯೇಲನನ್ನು. ಅರಸನು ಕೇಳಿದ್ದೂ ಅದನ್ನೇ, ಆ ದಾನಿಯೇಲ ನೀನೇನಾ ಅಂತ. ಇಟ್ಟ ಹೆಸರು ರಿಜಿಸ್ಟರಿನಲ್ಲಿತ್ತು, ಅವನು ಮಾತ್ರ ದಾನಿಯೇಲನಾಗಿಯೇ ಉಳಿದಿದ್ದ. ಜಾತಿ ಪ್ರಮಾಣಪತ್ರದ ವಿಷಯ ಈ ವೇದಿಕೆಯಿಂದ ಒಂದು ಮಾತಿನಲ್ಲಿ ಮುಗಿಯೋದಲ್ಲ. ಮನೆಯವರ ಜೊತೆ ಬನ್ರಿ, ಕೂತು ಮಾತಾಡೋಣ.

ಬೆಂಗಳೂರಿಗೆ ಹೋಗೋರಿಗೆ ಇನ್ನೊಂದು ಚುಚ್ಚುಮಾತು ಸಿಗ್ತದೆ, "ಎಚ್‌ಕೆ ಕೋಟಾದವನು" ಅಂತ. 371ಜೆ ಯಾರ ದಯೆಯೂ ಅಲ್ಲ. ಸಂವಿಧಾನದ 98ನೇ ತಿದ್ದುಪಡಿ, 2013ರಿಂದ ಜಾರಿಯಲ್ಲಿದೆ. ನಮ್ಮ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8 ಸೀಟು ನಮ್ಮ ಮಕ್ಕಳಿಗೆ. ತಲೆ ಎತ್ತಿ ಕೂತು ಓದ್ರಿ.

ಸಹಿಸೋದು ಯಾವುದು, ಹೇಳೋದು ಯಾವುದು ಅನ್ನೋದೂ ಗೊತ್ತಿರಲಿ. ಸೀನಿಯರ್ ರಾತ್ರಿ ಕರೆದು ಹಿಂಸೆ ಕೊಟ್ಟರೆ ಅದನ್ನು "ನನ್ನ ಶಿಲುಬೆ" ಅಂತ ಹೊತ್ತುಕೊಂಡು ತಿರುಗಬೇಡ್ರಿ. ರ‍್ಯಾಗಿಂಗ್ ಅಪರಾಧ. 2009ರ ಯುಜಿಸಿ ನಿಯಮದ ಪ್ರಕಾರ ಕಾಲೇಜು ಕ್ರಮ ತಗೊಳ್ಳಲೇಬೇಕು. 1800-180-5522, ಹಗಲು ರಾತ್ರಿ ಇರುವ ಉಚಿತ ನಂಬರು, ಈಗಲೇ ಫೋನಿನಲ್ಲಿ ಹಾಕಿಕೊಳ್ರಿ. ಮನಸ್ಸು ಭಾರವಾಗಿ ನಿದ್ದೆ ಬರ್ತಿಲ್ಲ, ಬದುಕೋದೇ ಬೇಡ ಅನಿಸ್ತಿದೆ ಅಂದರೆ 14416, ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡಬಹುದು. ನನಗೂ ಮಾಡ್ರಿ. ವೈದ್ಯರ ಹತ್ತಿರ ಹೋದರೆ ವಿಶ್ವಾಸ ಕಡಿಮೆ ಅಂತ ನಿಮಗೆ ಯಾರಾದರೂ ಹೇಳಿದರೆ, ಅವರನ್ನು ನನ್ನ ಹತ್ತಿರ ಕಳಿಸ್ರಿ. ಎರಡನೇ ಅಧ್ಯಾಯದಲ್ಲಿ ಜೀವಕ್ಕೆ ಅಪಾಯ ಬಂದಾಗ ದಾನಿಯೇಲ ಒಬ್ಬನೇ ಮುಸುಕು ಹಾಕಿ ಮಲಗಲಿಲ್ಲ. ಮನೆಗೆ ಹೋಗಿ ಹನನ್ಯ, ಮೀಶಾಯೇಲ, ಅಜರ್ಯರಿಗೆ ತಿಳಿಸಿದ.

ಈಗ ತಂದೆತಾಯಂದಿರೇ. ಯೆರೆಮೀಯ 29ರಲ್ಲಿ ಸೆರೆಯಾಗಿ ಹೋದವರಿಗೆ ಪ್ರವಾದಿ ಕಾಗದ ಬರೆದ. ಅಲ್ಲೇ ಮನೆ ಕಟ್ಟಿರಿ, ತೋಟ ಮಾಡಿರಿ, ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಅಂತ. ಇವತ್ತೇ ಗಂಟು ಕಟ್ಟಿಕೊಂಡು ಬಂದುಬಿಡ್ರಿ ಅನ್ನಲಿಲ್ಲ. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಬಸ್ ಫ್ರೀ, ನಿಜ. ಹಾಗಂತ ಪ್ರತಿ ಶನಿವಾರ ಬಾ ಅಂತ ಒತ್ತಾಯ ಮಾಡಿದರೆ ಆ ಹುಡುಗಿ ಅಲ್ಲಿ ಬೇರು ಬಿಡೋದು ಯಾವಾಗ? ಭಾನುವಾರ ನಮ್ಮ ಸಭೆಗೇ ಬರಬೇಕು ಅಂತೇನಿಲ್ಲ. ಅಲ್ಲಿ ಹತ್ತಿರದ ಸಭೆಗೆ ಹೋಗಲಿ, ನಾನೇ ಅಲ್ಲಿಯ ಪಾಸ್ಟರಿಗೆ ಫೋನ್ ಮಾಡ್ತೀನಿ. ಮೊದಲ ಸೆಮಿಸ್ಟರಿನಲ್ಲಿ ಒಂದು ವಿಷಯ ಬ್ಯಾಕ್ ಆದರೆ "ಸಾಕು, ಮದುವೆ ಮಾಡಿಬಿಡೋಣ" ಅನ್ನಬೇಡ್ರಿ. ಕೈ ಮುಗಿದು ಕೇಳ್ತೀನಿ. ಗಂಡುಮಗ ಫೇಲಾದರೆ ಇನ್ನೊಂದು ಸಲ ಕಟ್ಟು ಅಂತೀರಿ, ಮಗಳಿಗೆ ಮಾತ್ರ ಒಂದೇ ಅವಕಾಶ ಯಾಕೆ? ಸುಗ್ಗಿ ಕಾಲಕ್ಕೆ, ನಾಟಿ ಕಾಲಕ್ಕೆ ಕಾಲೇಜು ಬಿಡಿಸಿ ಕರೆಸಿಕೊಳ್ಳೋದೂ ಬೇಡ. ಆ ವಾರದ ಕೂಲಿಗಿಂತ ಹಾಜರಿ ದುಬಾರಿ.

ಕೂಟ ಮುಗಿದ ಮೇಲೆ ಹೊಸಬರು ಯಾರೂ ಹೋಗಬೇಡ್ರಿ. ನಮ್ಮ ಸೀನಿಯರ್ ಅಣ್ಣಂದಿರು, ಅಕ್ಕಂದಿರು ಬಲಗಡೆ ಟೇಬಲ್ ಹಾಕಿಕೊಂಡು ಕೂತಿದ್ದಾರೆ. ಯಾವ ಊರಿಗೆ ಹೋಗ್ತೀರಿ ಅಂತ ಬರೆಸ್ರಿ, ಅಲ್ಲಿ ಈಗಾಗಲೇ ಓದ್ತಿರೋ ಒಬ್ಬರ ನಂಬರು ಕೊಡ್ತಾರೆ. ಎಸ್‌ಎಸ್‌ಪಿ ಸ್ಕಾಲರ್‌ಶಿಪ್ ಅರ್ಜಿ ಹಾಕದವರು ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ ತಂದಿದ್ದರೆ ಇವತ್ತೇ ಹಾಕಿಸಿಕೊಳ್ರಿ. ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತ ಮೊದಲು ನೋಡ್ರಿ, ಬಹಳ ಮಂದಿಯದು ಅಲ್ಲೇ ಸಿಕ್ಕಿಕೊಳ್ಳೋದು.

ಈಗ ಹೋಗ್ತಿರೋ ಮಕ್ಕಳು ಎದ್ದು ನಿಲ್ರಿ. ಅಪ್ಪ ಅವ್ವ ಬಂದು ಪಕ್ಕದಲ್ಲಿ ನಿಲ್ರಿ. ಯಾರ ಮನೆಯವರು ಬಂದಿಲ್ಲವೋ ಅವರ ಪಕ್ಕ ಸಭೆಯ ಹಿರಿಯರು ನಿಲ್ರಿ. ಯಾರೂ ಒಬ್ಬರೇ ನಿಲ್ಲೋದು ಬೇಡ. ಪ್ರಾರ್ಥಿಸೋಣ.